ಸಾಂಬಾರಿಲ್ಲದ ಇಡ್ಲಿಯ ಅರ್ಥಶಾಸ್ತ್ರ

ಹೊಸದಾಗಿ ಬಾಗಿಲು ತೆರೆಯುವ ಸಣ್ಣ ಉದ್ಯಮಕ್ಕೆ ಬಂಧುಗಳಿಂದ ಹಿಡಿದು ಬ್ಯಾಂಕಿನ ಅಧಿಕಾರಿಯವರೆಗೆ ಎಲ್ಲರೂ ಕೊಡುವ ಸಲಹೆಯೊಂದಿದೆ: ಉಳಿದವರಿಗಿಂತ ಭಿನ್ನವಾಗಿರಬೇಕು. ಸಲಹೆ ತಪ್ಪಲ್ಲ, ಆದರೆ ಯಾವುದರಲ್ಲಿ ಭಿನ್ನ, ಯಾರ ಕಣ್ಣಿಗೆ ಭಿನ್ನ, ಎಷ್ಟು ಕಾಲ ಭಿನ್ನ ಎಂಬ ಪ್ರಶ್ನೆಗಳನ್ನು ಅದು ಮುಟ್ಟುವುದೇ ಇಲ್ಲ. ಬೋರ್ಡಿನ ಬಣ್ಣ ಬದಲಿಸುವುದು, ಪಟ್ಟಿಗೆ ನಾಲ್ಕು ತಿಂಡಿ ಸೇರಿಸುವುದು, ಆರಂಭದ ವಾರದಲ್ಲಿ ರಿಯಾಯಿತಿ ಸಾರುವುದು, ಇವೆಲ್ಲವೂ ಭಿನ್ನತೆಯ ರೂಪಗಳೇ ಆದರೂ ಎದುರಿನ ಅಂಗಡಿಯವನು ಮುಂದಿನ ವಾರವೇ ಅನುಕರಿಸಬಹುದಾದ ರೂಪಗಳು. ಬೆಂಗಳೂರಿನ ತಿಂಡಿ ಹೋಟೆಲುಗಳ ನೂರು ವರ್ಷಗಳ ಚರಿತ್ರೆಯನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸಿದರೆ, ಬಹುಕಾಲ ನಿಂತ ಹೆಸರುಗಳಲ್ಲಿ ಹಲವು ತಮ್ಮ ಗುರುತನ್ನು ಕಟ್ಟಿಕೊಂಡಿರುವುದು ಯಾವುದೋ ಒಂದನ್ನು ಖಚಿತವಾಗಿ ಬಿಟ್ಟುಕೊಡುವುದರ ಮೂಲಕ ಎಂಬುದು ಕಂಡುಬರುತ್ತದೆ.

ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ವ್ಯವಸ್ಥಿತ ರೂಪ ಕೊಟ್ಟವರು ಅಮೆರಿಕದ ಎಡ್ವರ್ಡ್ ಚೇಂಬರ್ಲಿನ್. ಅವರು 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಏಕಸ್ವಾಮ್ಯಯುತ ಪೈಪೋಟಿ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಒಂದೇ ಬಗೆಯ ಸರಕನ್ನು ಅಸಂಖ್ಯ ಮಾರಾಟಗಾರರು ಒಂದೇ ಬೆಲೆಗೆ ಮಾರುವ ಪೂರ್ಣ ಪೈಪೋಟಿ ಒಂದು ತುದಿಯಾದರೆ, ಒಬ್ಬನೇ ಮಾರಾಟಗಾರನಿರುವ ಏಕಸ್ವಾಮ್ಯ ಇನ್ನೊಂದು ತುದಿ. ನಿಜವಾದ ಪೇಟೆಗಳಲ್ಲಿ ಹೆಚ್ಚಿನವು ಇವೆರಡರ ನಡುವೆ ಎಲ್ಲೋ ಇರುತ್ತವೆ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ರುಚಿ, ಜಾಗ, ಹೆಸರು, ನಡವಳಿಕೆ ಇವುಗಳ ಮಟ್ಟಿಗೆ ಒಂದು ಪುಟ್ಟ ಏಕಸ್ವಾಮ್ಯದ ಒಡೆಯನಾಗಿರುತ್ತಾನೆ, ಹಾಗೂ ಅದರ ಬಲದಿಂದ ಪಕ್ಕದವನಿಗಿಂತ ಎರಡು ರೂಪಾಯಿ ಹೆಚ್ಚು ಕೇಳುವ ಧೈರ್ಯ ಅವನಿಗೆ ಬರುತ್ತದೆ. ಈ ಗುಣಕ್ಕೆ ‘ವಸ್ತು ವಿಭಿನ್ನತೆ’ ಎಂದು ಹೆಸರು. ಚೇಂಬರ್ಲಿನ್ನರ ವಾದದ ಎರಡನೆಯ ಭಾಗ ಮಾತ್ರ ಅಷ್ಟು ಸಿಹಿಯಾದುದಲ್ಲ: ಲಾಭ ಕಂಡಲ್ಲಿಗೆ ಹೊಸಬರು ಬರುತ್ತಾರೆ, ಹತ್ತಿರದ ಬದಲಿಗಳನ್ನು ಒದಗಿಸುತ್ತಾರೆ, ಮೊದಲಿನವನ ಹೆಚ್ಚುವರಿ ಲಾಭ ಕಾಲಕ್ರಮದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಭಿನ್ನವಾಗುವುದಕ್ಕಿಂತ ಭಿನ್ನವಾಗಿಯೇ ಉಳಿಯುವುದು ಕಠಿಣ.

ಎಲ್ಲರೂ ಭಿನ್ನರಾಗಬೇಕೆಂದು ಬಯಸಿದರೂ ಅಂಗಡಿಗಳು ಒಂದರಂತೆ ಒಂದು ಕಾಣುವುದೇಕೆ ಎಂಬುದಕ್ಕೆ ಹೆರಾಲ್ಡ್ ಹೋಟೆಲಿಂಗ್ ಎಂಬ ವಿದ್ವಾಂಸರು 1929ರಲ್ಲೇ ಒಂದು ವಿವರಣೆ ನೀಡಿದ್ದರು. ಉದ್ದನೆಯ ಒಂದೇ ಬೀದಿಯಲ್ಲಿ ಜನ ಸಮನಾಗಿ ಹರಡಿಕೊಂಡಿದ್ದು, ಅಲ್ಲಿ ಎರಡೇ ಅಂಗಡಿಗಳಿವೆ, ಎರಡರ ಬೆಲೆಯೂ ಒಂದೇ, ಗಿರಾಕಿಗಳು ಹತ್ತಿರವಿರುವುದಕ್ಕೆ ಹೋಗುತ್ತಾರೆ ಎಂದಿಟ್ಟುಕೊಂಡರೆ, ಪ್ರತಿಯೊಬ್ಬ ಅಂಗಡಿಯವನೂ ಇನ್ನೊಬ್ಬನ ಕಡೆಯ ಗಿರಾಕಿಗಳನ್ನು ಸೆಳೆಯಲು ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಯುತ್ತಾನೆ. ಕೊನೆಗೆ ಇಬ್ಬರೂ ಬೀದಿಯ ಮಧ್ಯದಲ್ಲಿ ಗೋಡೆಗೆ ಗೋಡೆ ಹಚ್ಚಿ ನಿಲ್ಲುತ್ತಾರೆ. ಸ್ಥಳಕ್ಕೆ ಅನ್ವಯಿಸುವ ಈ ತರ್ಕ ಸರಕಿಗೂ ಅನ್ವಯಿಸುತ್ತದೆ. ಬೆಂಗಳೂರಿನ ಸಾಧಾರಣ ಹೋಟೆಲೊಂದರ ತಿಂಡಿಪಟ್ಟಿಯಲ್ಲಿ ಇಡ್ಲಿ, ದೋಸೆಗಳ ಜೊತೆಗೆ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಮಸಾಲಪುರಿ, ಹಣ್ಣಿನ ರಸ ಎಲ್ಲವೂ ಇರುವುದಕ್ಕೆ ಮಾಲೀಕನ ಮಹತ್ವಾಕಾಂಕ್ಷೆಗಿಂತ ಅವನ ಭಯವೇ ಹೆಚ್ಚು ಕಾರಣ. ಒಬ್ಬ ಗಿರಾಕಿಯೂ ‘ಇದು ಇಲ್ಲವೇ’ ಎಂದು ಕೇಳಿ ಹಿಂದಿರುಗಬಾರದೆಂಬ ಆ ಭಯ ಪ್ರತಿ ಹೋಟೆಲನ್ನೂ ಬೀದಿಯ ಮಧ್ಯಕ್ಕೆ ತಳ್ಳುತ್ತದೆ.

ಒಂದೆಡೆ ಸೇರುವುದೆಲ್ಲ ಕೆಡುಕೆಂದು ಇದರ ಅರ್ಥವಲ್ಲ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂಬ ಹೆಸರುಗಳೇ ತೋರಿಸುವಂತೆ ಒಂದೇ ಸರಕಿನ ವ್ಯಾಪಾರಿಗಳು ಒಂದೇ ಕಡೆ ಕೂಡಿರುವುದು ಬೆಂಗಳೂರಿನ ಹಳೆಯ ಪದ್ಧತಿ. ಚಿಕ್ಕಪೇಟೆಗೆ ಸೀರೆ ಕೊಳ್ಳಲು ಬರುವವರೂ ವಿಶ್ವೇಶ್ವರಪುರದ ತಿಂಡಿಬೀದಿಗೆ ಸಂಜೆ ಬರುವವರೂ ಒಂದು ಅಂಗಡಿಯನ್ನು ನಂಬಿ ಬರುವುದಕ್ಕಿಂತ ಇಡೀ ಬೀದಿಯನ್ನು ನಂಬಿ ಬರುತ್ತಾರೆ. ಹೊಸಬನಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಗಿರಾಕಿಯನ್ನು ಮನೆಯಿಂದ ಹೊರಡಿಸುವ ಖರ್ಚನ್ನು ಬೀದಿಯೇ ಭರಿಸಿರುತ್ತದೆ. ಅವನಿಗೆ ಉಳಿಯುವುದು ಬೀದಿಗೆ ಬಂದವರನ್ನು ತನ್ನ ಮುಂದೆ ನಿಲ್ಲಿಸುವ ಕೆಲಸ ಮಾತ್ರ.

ಈ ಹಿನ್ನೆಲೆಯಲ್ಲಿ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ವಿಶೇಷ ಗಮನಕ್ಕೆ ಅರ್ಹವಾಗಿದೆ. 1965ರಲ್ಲಿ ಆರಂಭವಾದ ಈ ಪುಟ್ಟ ಹೋಟೆಲು ಹೆಸರು ಮಾಡಿದ್ದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಎಂಬ ಕೆಲವೇ ಪದಾರ್ಥಗಳಿಂದ. ಅಲ್ಲಿ ದೋಸೆ ಇಲ್ಲ. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ದಕ್ಷಿಣ ಭಾರತದ ಇಡ್ಲಿ ಹೋಟೆಲಿನಲ್ಲಿ ಇರಲೇಬೇಕೆಂದು ಎಲ್ಲರೂ ನಂಬಿರುವ ಸಾಂಬಾರೂ ಇಲ್ಲ. ಇಡ್ಲಿಯ ಮೇಲೆ ಸುರಿಯುವುದು ಚಟ್ನಿಯೊಂದನ್ನೇ. ಇದನ್ನು ಮಾಲೀಕರ ಹಟವೆಂದೋ ಸಂಪ್ರದಾಯವೆಂದೋ ಕರೆದು ಬಿಡುವುದು ಸುಲಭ. ಆದರೆ ಅದರ ಲೆಕ್ಕಾಚಾರವನ್ನು ಬಿಡಿಸಿ ನೋಡುವುದು ಹೆಚ್ಚು ಫಲಕಾರಿ.

ಪದಾರ್ಥಗಳ ಸಂಖ್ಯೆ ಕಡಿಮೆಯಾದಾಗ ಅಡುಗೆಮನೆಯ ಅಳತೆ, ಪಾತ್ರೆಗಳ ಸಂಖ್ಯೆ, ದಾಸ್ತಾನಿನಲ್ಲಿ ಸಿಲುಕುವ ಹಣ ಮೂರೂ ಕಡಿಮೆಯಾಗುತ್ತವೆ. ಒಂದೇ ಹಿಟ್ಟು, ಒಂದೇ ರವೆ ದಿನವಿಡೀ ಖರ್ಚಾಗುವುದರಿಂದ ಹಳಸಿ ಎಸೆಯುವ ಪ್ರಮಾಣ ಇಳಿಯುತ್ತದೆ, ಹಬೆಯಿಂದ ಇಳಿದ ಇಡ್ಲಿ ನಿಮಿಷಗಳಲ್ಲಿ ತಟ್ಟೆ ಸೇರುತ್ತದೆ. ಕೆಲಸಗಾರರು ಅದೇ ನಾಲ್ಕು ಕೆಲಸಗಳನ್ನು ಸಾವಿರಾರು ಬಾರಿ ಮಾಡುವುದರಿಂದ ಅವರ ಕೈಗೆ ಹದ ಕುದುರುತ್ತದೆ. ಸಾಂಬಾರು ಇಲ್ಲದಿರುವುದು ಚಟ್ನಿಯ ಮೇಲೆ ಇಡೀ ಭಾರವನ್ನು ಹೊರಿಸುತ್ತದೆ: ಎರಡು ವ್ಯಂಜನಗಳಿರುವ ಕಡೆ ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ, ಒಂದೇ ಇರುವ ಕಡೆ ಅದು ಕೆಡುವಂತಿಲ್ಲ. ಹೀಗೆ ಬಿಟ್ಟುಕೊಟ್ಟ ಪದಾರ್ಥವು ಉಳಿಸಿಕೊಂಡ ಪದಾರ್ಥದ ಗುಣಮಟ್ಟವನ್ನು ಕಾಯುವ ಶಿಸ್ತಾಗಿ ಪರಿಣಮಿಸುತ್ತದೆ. ಗಿರಾಕಿಯ ಕಡೆಯಿಂದಲೂ ಒಂದು ಲಾಭವಿದೆ. ‘ಸಾಂಬಾರು ಕೊಡದ ಇಡ್ಲಿ ಹೋಟೆಲು’ ಎಂಬ ವಿವರಣೆಯನ್ನು ಒಬ್ಬರು ಇನ್ನೊಬ್ಬರಿಗೆ ಒಂದೇ ಉಸಿರಿನಲ್ಲಿ ದಾಟಿಸಬಹುದು, ಆದರೆ ‘ಎಲ್ಲ ತಿಂಡಿಗಳೂ ಚೆನ್ನಾಗಿರುತ್ತವೆ’ ಎಂಬ ವಿವರಣೆ ಯಾವ ಹೋಟೆಲಿಗಾದರೂ ಹೊಂದುತ್ತದೆ.

ಇದೇ ಗುಟ್ಟನ್ನು ಕಂಡ ಮೇಲೂ ದೊಡ್ಡ ಹೋಟೆಲು ತನ್ನ ಸಾಂಬಾರನ್ನು ಏಕೆ ನಿಲ್ಲಿಸಲಾರದು? ಹಾರ್ವರ್ಡಿನ ಮೈಕೆಲ್ ಪೋರ್ಟರ್ 1996ರ ತಮ್ಮ ಪ್ರಸಿದ್ಧ ಲೇಖನವೊಂದರಲ್ಲಿ ಇದಕ್ಕೆ ಉತ್ತರವಾಗಬಲ್ಲ ವಿಚಾರವನ್ನು ವಿವರಿಸಿದ್ದಾರೆ. ಒಂದು ಬಗೆಯ ಸೇವೆಗೆ ಹೊಂದಿಸಿದ ವ್ಯವಸ್ಥೆ ಇನ್ನೊಂದು ಬಗೆಯ ಸೇವೆಗೆ ಹೊಂದುವುದಿಲ್ಲ. ಒಂದನ್ನು ಹೆಚ್ಚು ಪಡೆಯಲು ಇನ್ನೊಂದನ್ನು ಕಳೆದುಕೊಳ್ಳಲೇಬೇಕಾದ ಈ ಸ್ಥಿತಿಯನ್ನು ಕನ್ನಡದಲ್ಲಿ ‘ಕೊಡು-ಬಿಡು’ ಎನ್ನಬಹುದು. ಐವತ್ತು ಬಗೆಯ ತಿಂಡಿ ಮಾರುವ ಹೋಟೆಲಿಗೆ ಸಾಂಬಾರನ್ನೇ ಬಯಸಿ ಬರುವ ಕುಟುಂಬಗಳಿರುತ್ತವೆ, ಅವನ್ನು ನಂಬಿ ಹಾಕಿದ ಮೇಜುಕುರ್ಚಿಗಳಿರುತ್ತವೆ, ಆ ಮೇಜುಗಳನ್ನು ಲೆಕ್ಕಹಾಕಿ ಒಪ್ಪಿಕೊಂಡ ಬಾಡಿಗೆ ಇರುತ್ತದೆ. ಹೊಸಬನನ್ನು ಅನುಕರಿಸಬೇಕಾದರೆ ಅದು ಆ ಕುಟುಂಬಗಳನ್ನೆಲ್ಲ ಕಳೆದುಕೊಳ್ಳಬೇಕು. ಆದ್ದರಿಂದ ಸ್ಥಾಪಿತ ಪ್ರತಿಸ್ಪರ್ಧಿಯ ಎದುರು ಸಣ್ಣ ಉದ್ಯಮಕ್ಕಿರುವ ಬಲವಾದ ಆಯುಧವೆಂದರೆ, ಆ ಪ್ರತಿಸ್ಪರ್ಧಿಯ ಇಂದಿನ ಗಿರಾಕಿಗೆ ಬೇಸರ ತರಿಸದೆ ನಕಲು ಮಾಡಲಾಗದಂತಹ ತ್ಯಾಗ. ಹೊಸ ಉದ್ಯಮಕ್ಕೆ ಕಳೆದುಕೊಳ್ಳಲು ಹಳೆಯ ಗಿರಾಕಿಗಳೇ ಇಲ್ಲದಿರುವುದು ಸಾಮಾನ್ಯವಾಗಿ ಅದರ ದೌರ್ಬಲ್ಯವೆಂದು ಎಣಿಸಲ್ಪಡುತ್ತದೆ, ಇಲ್ಲಿ ಮಾತ್ರ ಅದೇ ಅದರ ಸ್ವಾತಂತ್ರ್ಯ.

ಆದರೆ ಈ ವಾದಕ್ಕೂ ಒಂದು ಮಿತಿಯಿದೆ, ಅದನ್ನು ದರ್ಶಿನಿಗಳ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯು ತಿಂಡಿಯ ಬಗೆಯನ್ನು ಬದಲಿಸಲಿಲ್ಲ. ಬದಲಿಸಿದ್ದು ತಿನ್ನುವ ರೀತಿಯನ್ನು. ಕುಳಿತುಕೊಳ್ಳಲು ಕುರ್ಚಿ ಇಲ್ಲ, ಬಡಿಸುವ ಮಾಣಿ ಇಲ್ಲ, ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆದು, ಎದುರಿಗೇ ಕಾಣುವ ಅಡುಗೆಮನೆಯ ಕಟ್ಟೆಯಿಂದ ತಟ್ಟೆಯನ್ನು ತಾನೇ ಎತ್ತಿಕೊಂಡು, ನಿಂತು ತಿಂದು ಹೊರಡಬೇಕು. ಕುಳಿತವನು ಅರ್ಧ ಗಂಟೆ ಹಿಡಿಯುವ ಜಾಗವನ್ನು ನಿಂತವನು ಹತ್ತೇ ನಿಮಿಷದಲ್ಲಿ ಬಿಟ್ಟುಕೊಡುವುದರಿಂದ ಅದೇ ಚದರಡಿಯ ಬಾಡಿಗೆ ಮೂರು ಪಟ್ಟು ಗಿರಾಕಿಗಳ ಮೇಲೆ ಹಂಚಿಹೋಗುತ್ತದೆ, ತಿಂಡಿಯ ಬೆಲೆಯನ್ನು ಇಳಿಸಲು ಸಾಧ್ಯವಾಗುತ್ತದೆ. ಹಳೆಯ ಉಡುಪಿ ಹೋಟೆಲುಗಳು ತಮ್ಮ ಕುರ್ಚಿಗಳನ್ನು ಎಸೆದು ಇದನ್ನು ಅನುಕರಿಸುವುದು ಕಷ್ಟವಾಗಿತ್ತು. ಆದರೆ ಕೆಫೆ ದರ್ಶಿನಿಯಂತೆಯೇ ಹೊಸದಾಗಿ ಬರುವವರನ್ನು ತಡೆಯುವ ಯಾವ ಗೋಡೆಯೂ ಅಲ್ಲಿರಲಿಲ್ಲ, ಏಕೆಂದರೆ ಅವರಿಗೂ ಕಳೆದುಕೊಳ್ಳಲು ಏನೂ ಇರಲಿಲ್ಲ. ಪರಿಣಾಮವಾಗಿ ನಗರದ ಬಡಾವಣೆ ಬಡಾವಣೆಯಲ್ಲೂ ಅದೇ ಮಾದರಿಯ ಹೋಟೆಲುಗಳು ಎದ್ದವು, ಒಂದು ಅಂಗಡಿಯ ಹೆಸರಿನಲ್ಲಿದ್ದ ‘ದರ್ಶಿನಿ’ ಎಂಬ ಪದ ಒಂದು ಇಡೀ ವರ್ಗದ ಹೆಸರಾಯಿತು. ತ್ಯಾಗವು ಹಳಬರಿಂದ ಕಾಪಾಡುತ್ತದೆ, ಹೊಸಬರಿಂದ ಕಾಪಾಡುವುದಿಲ್ಲ. ಹೊಸಬರ ವಿರುದ್ಧ ಉಪಯೋಗಕ್ಕೆ ಬರುವುದು ಬೇರೆ ಸಂಗತಿಗಳು: ಕಾಲದಿಂದ ಕುದುರಿದ ಕೈಹದ, ಸಿಕ್ಕ ಜಾಗ, ಗಳಿಸಿದ ನಂಬಿಕೆ ಮತ್ತು ಕಾನೂನು ರಕ್ಷಿಸಬಲ್ಲ ಹೆಸರು.

ನಂಬಿಕೆಯ ಸಮಸ್ಯೆ ಎಲ್ಲ ಸರಕುಗಳಲ್ಲೂ ಒಂದೇ ಬಗೆಯದಲ್ಲ. ಅರ್ಥಶಾಸ್ತ್ರಜ್ಞರು ಸರಕುಗಳನ್ನು ಅವುಗಳ ಗುಣ ಯಾವಾಗ ತಿಳಿಯುತ್ತದೆ ಎಂಬ ಆಧಾರದ ಮೇಲೆ ವಿಂಗಡಿಸುತ್ತಾರೆ. ಬಟ್ಟೆಯ ಬಣ್ಣದಂತೆ ಕೊಳ್ಳುವ ಮೊದಲೇ ನೋಡಿ ತಿಳಿಯುವಂಥವು ಒಂದು ಬಗೆ; ಇಡ್ಲಿಯ ಮೆದುತನದಂತೆ ತಿಂದ ಮೇಲೆ ತಿಳಿಯುವಂಥವು ಎರಡನೆಯದು, ಈ ಭೇದವನ್ನು 1970ರಲ್ಲಿ ಫಿಲಿಪ್ ನೆಲ್ಸನ್ ಮಾಡಿದರು. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಮೂರನೆಯ ಬಗೆಯೊಂದನ್ನು ಸೇರಿಸಿದರು: ಬಳಸಿದ ಮೇಲೂ ಸಾಮಾನ್ಯ ಗಿರಾಕಿಗೆ ತಿಳಿಯದ, ಮಾರುವವನ ಮಾತನ್ನೇ ನಂಬಬೇಕಾದ ಸರಕು. ತುಪ್ಪದ ಶುದ್ಧತೆ, ಸಾವಯವ ತರಕಾರಿ, ವಾಹನ ದುರಸ್ತಿಯಲ್ಲಿ ಬದಲಿಸಿದರೆಂದು ಹೇಳುವ ಬಿಡಿಭಾಗ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಎರಡನೆಯ ಬಗೆಯ ವ್ಯಾಪಾರಿಗೆ ಮೊದಲ ತುತ್ತನ್ನು ತಿನ್ನಿಸಿದರೆ ಅರ್ಧ ಕೆಲಸ ಮುಗಿದಂತೆ. ಮೂರನೆಯ ಬಗೆಯವನಿಗೆ ಎಷ್ಟು ಮಾರಿದರೂ ನಂಬಿಕೆ ತಾನಾಗಿ ಹುಟ್ಟುವುದಿಲ್ಲ.

ಕರ್ನಾಟಕದ ಊರುಗಳಲ್ಲಿ ಕೆಲವು ವರ್ಷಗಳಿಂದ ಹೆಚ್ಚಾಗಿರುವ ಮರದ ಗಾಣದ ಎಣ್ಣೆಯ ಅಂಗಡಿಗಳು ಈ ತೊಡಕನ್ನು ಎದುರಿಸಿದ ರೀತಿ ಸ್ವಾರಸ್ಯಕರವಾಗಿದೆ. ಕಡಲೆಕಾಯಿ, ಕೊಬ್ಬರಿ, ಎಳ್ಳುಗಳಿಂದ ತೆಗೆದ ಈ ಎಣ್ಣೆ ಕಾರ್ಖಾನೆಯ ಸಂಸ್ಕರಿತ ಎಣ್ಣೆಗಿಂತ ದುಬಾರಿ, ಅದು ನಿಜಕ್ಕೂ ಗಾಣದ್ದೇ ಎಂಬುದನ್ನು ಬಾಟಲಿ ನೋಡಿ ಹೇಳಲಾಗದು. ಆದ್ದರಿಂದ ಅನೇಕ ಅಂಗಡಿಯವರು ಗಾಣವನ್ನು ಹಿಂಭಾಗದ ಕೋಣೆಯಲ್ಲಿಡದೆ ಬೀದಿಗೆ ಕಾಣುವಂತೆ ಮುಂದೆಯೇ ಇಡುತ್ತಾರೆ. ಬೀಜ ಅರೆಯುವುದು, ಹಿಂಡಿ ಬೇರ್ಪಡುವುದು, ಎಣ್ಣೆ ಇಳಿಯುವುದು ಗಿರಾಕಿಯ ಕಣ್ಣೆದುರೇ ನಡೆಯುತ್ತದೆ. ಇದಕ್ಕೆ ‘ಸಂಕೇತ’ ಎಂದು ಹೆಸರು. ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಪೇಟೆಯನ್ನು ಕುರಿತು ಬರೆಯುತ್ತ ರೂಪಿಸಿದ ಈ ಸಿದ್ಧಾಂತದ ತಿರುಳೆಂದರೆ, ಸಾಚಾ ವ್ಯಾಪಾರಿಗೆ ಅಗ್ಗವಾಗಿಯೂ ಮೋಸಗಾರನಿಗೆ ದುಬಾರಿಯಾಗಿಯೂ ಇರುವ ಕ್ರಿಯೆಯೇ ವಿಶ್ವಾಸಾರ್ಹ ಸಂಕೇತ. ‘ನೂರಕ್ಕೆ ನೂರು ಶುದ್ಧ’ ಎಂದು ಬರೆಸುವುದು ಇಬ್ಬರಿಗೂ ಒಂದೇ ಖರ್ಚಿನ ಕೆಲಸವಾದ್ದರಿಂದ ಅದು ಏನನ್ನೂ ಹೇಳುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯನ್ನು ದೊಡ್ಡದಾಗಿ ತೋರಿಸುವುದೂ ಅಷ್ಟೆ. ಅದು ಎಲ್ಲರಿಗೂ ಕಡ್ಡಾಯವಾಗಿರುವ ಕನಿಷ್ಠ ಅರ್ಹತೆ. ಮುಂಬಾಗಿಲಲ್ಲಿ ಗಾಣ ತಿರುಗಿಸಿ ಹಿಂಬಾಗಿಲಿನಿಂದ ಡಬ್ಬ ತರಿಸುವವನನ್ನು ಯಾವ ಸಿದ್ಧಾಂತವೂ ತಡೆಯಲಾರದು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ತಮ್ಮ ಮನೆಯ ಬೀಜ ತಂದು ಎಣ್ಣೆ ಮಾಡಿಸಿಕೊಂಡು ಹೋಗಲು ಗಿರಾಕಿಗೆ ಅವಕಾಶ ಕೊಡುವ ಗಾಣಗಳು ಆ ಅನುಮಾನಕ್ಕೂ ಎಡೆ ಕೊಡುವುದಿಲ್ಲ.

ಬೆಲೆ ಇಳಿಸಿ ಗುರುತಿಸಿಕೊಳ್ಳುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಒಂದು ಲೆಕ್ಕ ಸಾಕು. 50 ರೂಪಾಯಿಯ ತಟ್ಟೆಯೊಂದಕ್ಕೆ ದಿನಸಿ, ಅನಿಲ, ಪೊಟ್ಟಣ ಸೇರಿ 30 ರೂಪಾಯಿ ತಗಲುತ್ತದೆ ಎಂದುಕೊಂಡರೆ, ಬಾಡಿಗೆ, ಸಂಬಳ, ಲಾಭಗಳಿಗೆ ಉಳಿಯುವುದು 20 ರೂಪಾಯಿ. ಶೇಕಡಾ 10ರಷ್ಟು ರಿಯಾಯಿತಿ ಕೊಟ್ಟರೆ ಬೆಲೆ 45 ಆಗುತ್ತದೆ, ಉಳಿಕೆ 15ಕ್ಕೆ ಇಳಿಯುತ್ತದೆ. ಮೊದಲು 100 ತಟ್ಟೆಗಳಿಂದ ಬರುತ್ತಿದ್ದ 2,000 ರೂಪಾಯಿ ಬರಲು ಈಗ 134 ತಟ್ಟೆ ಮಾರಬೇಕು. ಗಿರಾಕಿಗೆ ಹತ್ತರಲ್ಲೊಂದು ಪಾಲು ಉಳಿಸಿಕೊಟ್ಟದ್ದಕ್ಕೆ ಮಾರಾಟ ಮೂರರಲ್ಲೊಂದು ಪಾಲು ಬೆಳೆಯಬೇಕೆಂಬ ಈ ಲೆಕ್ಕವನ್ನು ಉದ್ಘಾಟನೆಯ ಉತ್ಸಾಹದಲ್ಲಿ ಮಾಡುವವರು ವಿರಳ. ಗುಣಮಟ್ಟವೇ ಗುರುತಾಗಿರುವ ಉದ್ಯಮಕ್ಕೆ ಬೆಲೆಯ ಇಳಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಬಲವಂತವಾಗಿ ತಗ್ಗಿಸಿದಾಗ, ಆ ಬೆಲೆಗೆ ಹಳೆಯ ಗುಣಮಟ್ಟ ಕೊಡಲಾಗದೆಂದು ಎಂಟಿಆರ್ ಎಂದೇ ಹೆಸರಾದ ಆ ಸಂಸ್ಥೆ ಹೋಟೆಲನ್ನೇ ಕೆಲವು ವರ್ಷ ಮುಚ್ಚಿ, ಮಸಾಲೆ ಪುಡಿ ಮತ್ತು ಸಿದ್ಧ ಮಿಶ್ರಣಗಳ ಮಾರಾಟದತ್ತ ತಿರುಗಿತು. ಆ ಪೊಟ್ಟಣದ ವ್ಯಾಪಾರವೇ ಮುಂದೆ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಅದನ್ನು ಕೊಂಡುಕೊಂಡಿತು. ಹೋಟೆಲುಗಳು ಮಾತ್ರ ಕುಟುಂಬದ ಬಳಿಯೇ ಉಳಿದವು.

ಇನ್ನು ಹೆಸರಿನ ವಿಷಯ. ಹೊಸ ಅಂಗಡಿಯ ಮುಂದೆ ನಿಂತ ಗಿರಾಕಿಯ ಮನಸ್ಸಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ: ಇಲ್ಲಿ ಏನು ಸಿಗುತ್ತದೆ, ಇಲ್ಲೇ ಏಕೆ ಕೊಳ್ಳಬೇಕು. ‘ಉಡುಪಿ ಹೋಟೆಲ್’, ‘ಅಯ್ಯಂಗಾರ್ ಬೇಕರಿ’, ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಹೆಸರುಗಳು ಮೊದಲ ಪ್ರಶ್ನೆಗೆ ಬಹಳ ಚೆನ್ನಾಗಿ ಉತ್ತರಿಸುತ್ತವೆ. ಹಲವು ಪೀಳಿಗೆಗಳು ಗಳಿಸಿಟ್ಟ ನಂಬಿಕೆಯನ್ನು ಹೊಸಬನು ಬೋರ್ಡು ಬರೆಸುವ ಖರ್ಚಿನಲ್ಲೇ ಪಡೆಯುತ್ತಾನೆ. ಆದರೆ ಎರಡನೆಯ ಪ್ರಶ್ನೆಗೆ ಅವು ಮೌನವಾಗಿರುತ್ತವೆ, ಏಕೆಂದರೆ ಮುಂದಿನ ತಿರುವಿನಲ್ಲಿಯೂ ಅದೇ ಹೆಸರಿನ ಇನ್ನೊಂದು ಅಂಗಡಿ ಇರುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ನಿಲುವೂ ಇದಕ್ಕೆ ಸಮೀಪವಾಗಿದೆ. ಟ್ರೇಡ್‌ಮಾರ್ಕ್ ಎಂದರೆ ಒಬ್ಬ ಮಾರಾಟಗಾರನ ಸರಕನ್ನು ಇತರರ ಸರಕಿನಿಂದ ಬೇರ್ಪಡಿಸಿ ತೋರಿಸುವ ಹೆಸರು ಅಥವಾ ಚಿಹ್ನೆ. ಸರಕಿನ ಬಗೆ, ಗುಣ, ಹುಟ್ಟೂರುಗಳನ್ನಷ್ಟೇ ಹೇಳುವ ಪದಗಳನ್ನು, ದೀರ್ಘ ಬಳಕೆಯಿಂದ ಅವು ಒಬ್ಬರ ಗುರುತಾಗಿಯೇ ಬೆಳೆದಿರದ ಹೊರತು, ಯಾರೊಬ್ಬರ ಸ್ವತ್ತಾಗಿ ನೋಂದಾಯಿಸಲು ಕಾಯ್ದೆ ಒಪ್ಪುವುದಿಲ್ಲ. ‘ಶುದ್ಧ ತುಪ್ಪ’ ಎಂಬ ಹೆಸರಿನ ಮೇಲೆ ಹಕ್ಕು ಸಾಧಿಸಲು ಹೊರಟವನಿಗೆ ನಿರಾಸೆ ಖಚಿತ.

ದೇವತೆಗಳ ಮತ್ತು ಪುರಾಣದ ಹೆಸರುಗಳನ್ನು ಆರಿಸುವವರು ತಿಳಿದಿರಬೇಕಾದ ಮೊಕದ್ದಮೆಯೊಂದು ಕರ್ನಾಟಕದಲ್ಲೇ ಹುಟ್ಟಿತು. ಕರ್ನಾಟಕ ಹಾಲು ಮಹಾಮಂಡಳವು ‘ನಂದಿನಿ’ ಎಂಬ ಹೆಸರನ್ನು 1985ರಿಂದ ಬಳಸುತ್ತಿತ್ತು. ‘ನಂದಿನಿ ಡೀಲಕ್ಸ್’ ಎಂಬ ಉಪಾಹಾರಗೃಹ ತನ್ನ ಹೆಸರನ್ನು 1989ರಿಂದ ಬಳಸುತ್ತಿತ್ತು. ಉಪಾಹಾರಗೃಹವು ಆಹಾರ ಪದಾರ್ಥಗಳಿಗಾಗಿ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು, ಉಚ್ಚ ನ್ಯಾಯಾಲಯದಲ್ಲಿ ಮಹಾಮಂಡಳದ ವಾದಕ್ಕೆ ಮನ್ನಣೆ ದೊರೆಯಿತು. ಆದರೆ 2018ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಲಿಸಿ, ಎರಡೂ ಚಿಹ್ನೆಗಳ ನೋಟ ಬೇರೆ, ಸರಕುಗಳ ಸ್ವರೂಪವೂ ಬೇರೆ, ಸಾಧಾರಣ ವಿವೇಕವುಳ್ಳ ಗಿರಾಕಿ ಒಂದನ್ನು ಇನ್ನೊಂದೆಂದು ಭ್ರಮಿಸಲಾರ ಎಂಬ ನಿಲುವು ತಾಳಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಉಪಾಹಾರಗೃಹಕ್ಕೆ ನೋಂದಣಿ ದೊರೆಯಲಿಲ್ಲ. ಗೆಲುವು ಸಿಕ್ಕಿತಾದರೂ ಹೋಟೆಲೊಂದು ತನ್ನ ಹೆಸರಿಗಾಗಿ ದೆಹಲಿಯವರೆಗೆ ಹೋಗಬೇಕಾಯಿತು ಎಂಬುದನ್ನು ಗಮನಿಸಬೇಕು. ಪುರಾಣದ ಹೆಸರು ಎಲ್ಲರಿಗೂ ಸುಲಭವಾಗಿ ನೆನಪಾಗುತ್ತದೆ, ಅದೇ ಕಾರಣಕ್ಕೆ ಇತರರೂ ಅದನ್ನೇ ಆರಿಸಿರುತ್ತಾರೆ.

ಗುರುತಿಸಿಕೊಳ್ಳುವುದು ಮತ್ತು ಭಿನ್ನವಾಗಿರುವುದು ಒಂದೇ ಅಲ್ಲ ಎಂಬ ಮಾತನ್ನು ಬೈರನ್ ಶಾರ್ಪ್ ಎಂಬ ಆಸ್ಟ್ರೇಲಿಯದ ಮಾರುಕಟ್ಟೆ ವಿದ್ವಾಂಸರು 2010ರ ತಮ್ಮ ಗ್ರಂಥದಲ್ಲಿ ಬಲವಾಗಿ ಪ್ರತಿಪಾದಿಸಿದ್ದಾರೆ. ಅವರ ಪ್ರಕಾರ ಹೆಚ್ಚಿನ ಗಿರಾಕಿಗಳು ತಾವು ಕೊಳ್ಳುವ ಸರಕು ಉಳಿದವಕ್ಕಿಂತ ಹೇಗೆ ಭಿನ್ನ ಎಂದು ಯೋಚಿಸುವುದೇ ಇಲ್ಲ; ಬೇಕಾದ ಹೊತ್ತಿಗೆ ಯಾವುದು ನೆನಪಾಯಿತೋ, ಕಣ್ಣಿಗೆ ಬಿತ್ತೋ ಅದನ್ನು ಕೊಳ್ಳುತ್ತಾರೆ. ಬೀದಿಯ ಕೊನೆಯ ದಿನಸಿ ಅಂಗಡಿ, ಔಷಧದ ಅಂಗಡಿ, ಝೆರಾಕ್ಸ್ ಅಂಗಡಿಗಳ ಮಟ್ಟಿಗೆ ಇದು ಬಹುಪಾಲು ನಿಜ. ಅವಕ್ಕೆ ಸಾಂಬಾರು ಬಿಡುವಂತಹ ತ್ಯಾಗಗಳು ಬೇಕಿಲ್ಲ. ಸಮಯಕ್ಕೆ ಸರಿಯಾಗಿ ತೆರೆದಿರುವುದು, ದೂರದಿಂದಲೇ ತಿಳಿಯುವ ಬೋರ್ಡು ಇರುವುದು ಸಾಕು. ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ನಿಯಮವನ್ನು ಹೊರೆಯೆಂದು ಭಾವಿಸುವ ವ್ಯಾಪಾರಿಗಳು, ಕಂಪ್ಯೂಟರಿನ ಅದೇ ಎರಡು ಮೂರು ಅಕ್ಷರಶೈಲಿಗಳನ್ನು ಎಲ್ಲರೂ ಬಳಸುತ್ತಿರುವಾಗ, ನುರಿತ ಕಲಾವಿದನಿಂದ ಬರೆಸಿದ ಕನ್ನಡ ಅಕ್ಷರಗಳೇ ತಮ್ಮ ಗುರುತಾಗಬಹುದೆಂಬ ಸಾಧ್ಯತೆಯನ್ನು ಪರಿಶೀಲಿಸಿದಂತೆ ಕಾಣುವುದಿಲ್ಲ.

ಭಿನ್ನತೆ ನಿಜವಾಗಿ ಗಟ್ಟಿಯೋ ಅಲ್ಲವೋ ಎಂಬುದು ಸಾಮಾನ್ಯವಾಗಿ ಎರಡನೆಯ ಶಾಖೆಯ ಹೊತ್ತಿಗೆ ಪರೀಕ್ಷೆಗೆ ಒಳಗಾಗುತ್ತದೆ. ಟೋಕನ್, ಕಟ್ಟೆ, ನಿಂತು ತಿನ್ನುವ ಮೇಜುಗಳಂತೆ ಅದು ಪದ್ಧತಿಯಲ್ಲಿದ್ದರೆ ಇನ್ನೊಂದು ಬಡಾವಣೆಗೆ ಸಾಗಿಸುವುದು ಸುಲಭ, ಇತರರು ಕದಿಯುವುದೂ ಅಷ್ಟೇ ಸುಲಭ. ಒಬ್ಬ ಭಟ್ಟರ ಕೈಹದದಲ್ಲಿದ್ದರೆ ಕದಿಯುವುದು ಕಷ್ಟ, ಸಾಗಿಸುವುದೂ ಕಷ್ಟ. ಎರಡನೆಯ ಬಾಗಿಲು ತೆರೆಯುವ ಮೊದಲು ಇವುಗಳಲ್ಲಿ ತನ್ನದು ಯಾವುದು ಎಂಬುದನ್ನು ಉದ್ಯಮಿ ಅರಿತುಕೊಳ್ಳಬೇಕಾಗುತ್ತದೆ, ಕೈಹದವಾಗಿದ್ದರೆ ಅದನ್ನು ಅಳತೆಗೂ ಬರಹಕ್ಕೂ ಇಳಿಸಿ ಇನ್ನಿಬ್ಬರಿಗೆ ಕಲಿಸುವಷ್ಟು ಕಾಲ ಶಾಖೆಯನ್ನು ಮುಂದೂಡಬೇಕಾಗುತ್ತದೆ. ಹೆಸರಿನ ನೋಂದಣಿ ಮಾತ್ರ ಅಷ್ಟು ಕಾಯಬೇಕಾದ ಕೆಲಸವಲ್ಲ: ಸಣ್ಣ ಉದ್ಯಮಗಳು ಆನ್‌ಲೈನ್ ಮೂಲಕ ಸಲ್ಲಿಸುವ ಟ್ರೇಡ್‌ಮಾರ್ಕ್ ಅರ್ಜಿಗೆ ಸರಕಿನ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕವಿದ್ದು, ನೋಂದಣಿಯು ಹತ್ತು ವರ್ಷ ಊರ್ಜಿತದಲ್ಲಿರುತ್ತದೆ, ಅವಧಿ ಮುಗಿದಾಗ ಮತ್ತೆ ನವೀಕರಿಸಿಕೊಳ್ಳಲು ಅವಕಾಶವಿದೆ.